ಕೈಯಿಂದ ಕೈಗೆ ಬಂದ ಸಮಾಧಾನ

ಮುಂಬಯಿಯ ಕನ್ನಡಿಗರೆಂದರೆ ಉಡುಪಿ ಹೋಟೆಲು, ಮಾಟುಂಗಾದ ಸಭಾಂಗಣ, ನವರಾತ್ರಿಯ ಭಜನೆ, ಇಷ್ಟನ್ನೇ ನೆನೆಯುವ ರೂಢಿ ನಮ್ಮ ವಾಚಕರಲ್ಲಿ ಬಹುಮಂದಿಗಿದೆ. ಕನ್ನಡದಲ್ಲಿ ಪ್ರಾರ್ಥನೆ ಮಾಡುವ ಕ್ರೈಸ್ತರ ಸಣ್ಣ ಸಣ್ಣ ಸಭೆಗಳೂ ಈ ಊರಲ್ಲಿವೆಯೆಂದರೆ ಕೆಲವರು ಹುಬ್ಬೇರಿಸುತ್ತಾರೆ. ನಾವು ಅಂತಹದೊಂದು ಸಭೆಗೆ ಸೇರಿದವರು. ಮಂಗಳೂರು, ಉಡುಪಿ ಕಡೆಯ ಬಾಸೆಲ್ ಮಿಶನ್ ಮನೆತನದವರು, ಹುಬ್ಬಳ್ಳಿ-ಧಾರವಾಡದವರು, ಬೀದರ ಬೆಳಗಾವಿಗಳ ಮೆಥೊಡಿಸ್ಟರು, ಎಲ್ಲ ಸೇರಿ ಅರುವತ್ತು ಎಪ್ಪತ್ತು ಮಂದಿ. ಊರಲ್ಲಾಗಿದ್ದರೆ ಬೇರೆ ಬೇರೆ ದೇವಾಲಯಗಳಿಗೆ ಹೋಗುತ್ತಿದ್ದವರು ಇಲ್ಲಿ ಭಾಷೆಯ ನಂಟಿನಿಂದ ಒಂದೇ ಬೆಂಚಿನಲ್ಲಿ ಕುಳಿತಿದ್ದೇವೆ. ನಮಗೆ ಸ್ವಂತ ಕಟ್ಟಡವಿಲ್ಲ. ಬೇರೆ ಭಾಷೆಯವರ ದೇವಾಲಯದಲ್ಲಿ ಭಾನುವಾರ ಮಧ್ಯಾಹ್ನ ಒಂದೂವರೆ ಗಂಟೆಯ ಹೊತ್ತು ಮಾತ್ರ ನಮ್ಮದು. ಅದು ಮುಗಿಯುವಷ್ಟರಲ್ಲಿ ಮುಂದಿನ ಸಭೆಯವರು ಬಾಗಿಲಲ್ಲಿ ನಿಂತಿರುತ್ತಾರೆ.

ಕಳೆದ ವರ್ಷ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳಲ್ಲಿ ನಮ್ಮ ಸಭಾಪಾಲಕರು ಒಂದು ಸೂಚನೆ ಮುಂದಿಟ್ಟರು. ಈ ಸಲ ಕೇರಳದ ಸಿರಿಯನ್ ಕ್ರೈಸ್ತರ ಆರಾಧನೆಯನ್ನು ಕಣ್ಣಾರೆ ಕಂಡು ತಿಳಿಯೋಣ. ಅದರಲ್ಲಿಯ ಒಂದು ಪದ್ಧತಿಯನ್ನು, ಅಂದರೆ ಸಮಾಧಾನವನ್ನು ಕೈಯಿಂದ ಕೈಗೆ ಹಂಚುವುದನ್ನು, ನಮ್ಮಲ್ಲಿಯೂ ನಡೆಸಿ ನೋಡೋಣ ಎಂದರು. ಸಭೆಯ ಹಿರಿಯರೊಬ್ಬರು ಎದ್ದು ನಿಂತು, “ಕನ್ನಡದಲ್ಲಿ ನಾಲ್ಕು ಮಾತು ಕೇಳೋಣವೆಂದು ಎರಡು ಲೋಕಲ್ ಗಾಡಿ ಬದಲಿಸಿ ಬರುತ್ತೇವೆ. ಇಲ್ಲಿಯೂ ಮಲೆಯಾಳಿಗಳ ಪದ್ಧತಿ ಕಲಿಯಬೇಕೇ?” ಎಂದು ಕೇಳಿದರು. ಈ ಪ್ರಶ್ನೆಯಲ್ಲಿ ಹುರುಳಿಲ್ಲವೆಂದು ಹೇಳಲಾರೆವು. ವಾರವಿಡೀ ಪರಭಾಷೆಯಲ್ಲಿ ದುಡಿಯುವವನಿಗೆ ತನ್ನದೆಂಬುದು ಒಂದಾದರೂ ಹಾಗೆಯೇ ಉಳಿಯಲಿ ಎನ್ನಿಸುವುದು ಸಹಜ.

ಆದರೂ ನಾವು ಹನ್ನೆರಡು ಮಂದಿ ಒಂದು ಭಾನುವಾರ ಬೆಳಿಗ್ಗೆ ದಾದರಿನ ಸೇಂಟ್ ಮೇರೀಸ್ ಆರ್ಥೊಡಾಕ್ಸ್ ಸಿರಿಯನ್ ದೇವಾಲಯಕ್ಕೆ ಹೋದೆವು. ನಮ್ಮ ಕಚೇರಿಯ ಮಲೆಯಾಳಿ ಮಿತ್ರರೇ ಮಾರ್ಗದರ್ಶಿಗಳು. ಪಾದರಕ್ಷೆಗಳನ್ನು ಹೊರಗೆ ಬಿಟ್ಟು ಒಳಹೊಕ್ಕರೆ ಗಂಡಸರು ಒಂದು ಬದಿಗೆ, ಹೆಂಗಸರು ಇನ್ನೊಂದು ಬದಿಗೆ ನಿಂತಿದ್ದರು. ಅಲ್ಲಿ ಕೂರುವುದಕ್ಕಿಂತ ನಿಲ್ಲುವುದೇ ಹೆಚ್ಚು. ಕುರ್ಚಿಯ ಮೇಲೆ ಕುಳಿತು ಕಡತ ನೋಡುವ ನಮ್ಮ ಕಾಲುಗಳು ಮುಕ್ಕಾಲು ಗಂಟೆಯಲ್ಲೇ ತಕರಾರು ಹೂಡಿದವು. ಬಲಿಪೀಠದ ಮುಂದಿನ ತೆರೆ ಮುಚ್ಚುತ್ತದೆ, ತೆರೆಯುತ್ತದೆ. ಗೆಜ್ಜೆ ಕಟ್ಟಿದ ಧೂಪಾರತಿ ಝಣ್ಣೆನ್ನುತ್ತದೆ. ಮಲೆಯಾಳದ ನಡುನಡುವೆ ಸಿರಿಯಾಕ್ ಭಾಷೆಯ ಮಾತುಗಳು ಕೇಳಿಬರುತ್ತವೆ; ಯೇಸುಸ್ವಾಮಿ ಆಡುತ್ತಿದ್ದ ಅರಾಮಿಕ್ ಭಾಷೆಯ ಒಂದು ಪ್ರಭೇದವೇ ಇದು. ಯಾರೋ ಮುನ್ನಡೆಸಿದ್ದಕ್ಕೆ ಇತರರು ದನಿಗೂಡಿಸುವುದಲ್ಲ, ಪಾದ್ರಿಯೂ ಜನರೂ ಒಬ್ಬರಿಗೊಬ್ಬರು ಉತ್ತರ ಕೊಡುತ್ತ ಹೋಗುತ್ತಾರೆ.

ಮಧ್ಯದಲ್ಲಿ ಸಮಾಧಾನದ ಘಳಿಗೆ ಬಂದಿತು. ಪಾದ್ರಿಗಳು ಬಲಿಪೀಠದ ಬಳಿಯ ಸಹಾಯಕನಿಗೆ ಕೈಕೊಟ್ಟರು. ಆತ ಕೆಳಗಿಳಿದು ಮುಂದಿನ ಸಾಲಿನವರಿಗೆ ಕೊಟ್ಟ. ಅಲ್ಲಿಂದ ಅದು ಮಾತಿಲ್ಲದೆ ಹಿಂದೆ ಹಿಂದೆ ಸರಿದು ಬಂದಿತು. ನಮ್ಮ ಮುಂದೆ ನಿಂತಿದ್ದ ಮುದುಕರೊಬ್ಬರು ತಿರುಗಿ, ನಮ್ಮ ಜೋಡಿಸಿದ ಕೈಗಳನ್ನು ತಮ್ಮ ಅಂಗೈಗಳ ನಡುವೆ ಹಿಡಿದು, ಬಿಟ್ಟು, ಮತ್ತೆ ಮುಂದಕ್ಕೆ ತಿರುಗಿದರು. ನಮ್ಮ ಹೆಸರು ಅವರಿಗೆ ತಿಳಿಯದು, ಅವರದು ನಮಗೆ ತಿಳಿಯದು. ಪ್ರಭುಭೋಜನವನ್ನು ಆ ಸಭೆಯವರಲ್ಲದವರಿಗೆ ಅಲ್ಲಿ ಕೊಡುವುದಿಲ್ಲ. ಅದು ಅವರ ನಿಯಮ. ನಾವು ದೂರ ನಿಂತೆವು. ಆದರೆ ಸಮಾಧಾನವನ್ನು ಹಂಚುವಾಗ ನೀವು ಯಾರೆಂದು ಯಾರೂ ಕೇಳಲಿಲ್ಲ.

ಮನೆಗೆ ಬಂದು ಪುಸ್ತಕ ತಿರುವಿದಾಗ ಇನ್ನೊಂದು ಸಂಗತಿ ಹೊಳೆಯಿತು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮೊದಲಾದ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾದವಷ್ಟೆ. (ಬೀದರ, ಬೆಳಗಾವಿಯ ಮೆಥೊಡಿಸ್ಟರು ಅಮೆರಿಕದ ಮಿಶನ್ನಿನವರು, ಅವರು ಆ ಕೂಟದಲ್ಲಿ ಸೇರಲಿಲ್ಲ.) ಆ ಹೊಸ ಸಭೆಗಾಗಿ 1950ರಲ್ಲಿ ಪ್ರಭುಭೋಜನದ ಒಂದು ಕ್ರಮ ಸಿದ್ಧವಾಯಿತು. ಅದನ್ನು ಬರೆದ ಸಮಿತಿಯ ಸಂಚಾಲಕರಾಗಿದ್ದ ಲೆಸ್ಲಿ ಬ್ರೌನರು ತಿರುವಾಂಕೂರಿನಲ್ಲಿದ್ದು ಸಿರಿಯನ್ ಕ್ರೈಸ್ತರನ್ನು ಆಳವಾಗಿ ಅಭ್ಯಸಿಸಿದವರು. ಇಂಗ್ಲಿಷ್ ಪ್ರಾರ್ಥನಾ ಪುಸ್ತಕವನ್ನೇ ನಕಲು ಮಾಡದೆ, ಕೈಯಿಂದ ಕೈಗೆ ಸಮಾಧಾನ ಹಂಚುವುದನ್ನು ಆ ಸಮಿತಿ ಸಿರಿಯನ್ನರಿಂದ ತೆಗೆದುಕೊಂಡಿತು. ಸ್ಪೇನಿನ ಪುರಾತನ ಆರಾಧನೆಯಿಂದಲೂ ಒಂದು ಪ್ರಾರ್ಥನೆಯನ್ನು ಆರಿಸಿತು. ಬಲ ಅಂಗೈಗೆ ಬಲ ಅಂಗೈ ತಾಗಿಸಿ, ಎಡಗೈಯನ್ನು ಮೇಲೆ ಮುಚ್ಚಬೇಕೆಂಬ ವಿವರ ಕೂಡ ಅದರಲ್ಲಿದೆ. ಎಂದರೆ, ಊರಿನಲ್ಲಿ ಸಿ.ಎಸ್.ಐ. ದೇವಾಲಯಕ್ಕೆ ಹೋಗುತ್ತಿದ್ದ ನಮ್ಮವರು ಕೆಲವರು ಈ ‘ಮಲೆಯಾಳಿ ಪದ್ಧತಿ’ಯನ್ನು ಬಾಲ್ಯದಲ್ಲೇ ಕಂಡವರು! ಇಲ್ಲಿ ಬಂದು ಅದನ್ನು ಬಿಟ್ಟು, ಬಿಟ್ಟದ್ದನ್ನೂ ಮರೆತಿದ್ದರು.

ಕೇರಳದವರಾದರೂ ಅದನ್ನು ತಮ್ಮ ಹಿತ್ತಿಲಲ್ಲಿ ಬೆಳೆದವರಲ್ಲ. ಪೋರ್ತುಗೀಜರ ಒತ್ತಾಯಕ್ಕೆ ಬೇಸತ್ತು 1653ರಲ್ಲಿ ಮಟ್ಟಾಂಚೇರಿಯಲ್ಲಿ ಶಿಲುಬೆಯ ಮುಂದೆ ಆಣೆಯಿಟ್ಟ ಜನರ ಬಳಿಗೆ 1665ರಲ್ಲಿ ಮಾರ್ ಗ್ರೆಗೋರಿಯೋಸ್ ಎಂಬ ಧರ್ಮಾಧ್ಯಕ್ಷರು ಜೆರೂಸಲೇಮಿನಿಂದ ಬಂದರು. ಅಂತಿಯೋಕ್ಯದ ಕಡೆಯ ಆರಾಧನಾಕ್ರಮ ಅಲ್ಲಿ ಬೇರೂರಿದುದು ಆಮೇಲೆಯೇ, ಅದೂ ನಿಧಾನವಾಗಿ. ಅದಕ್ಕೆ ಮುಂಚೆ ಅವರದು ಪೂರ್ವ ಸಿರಿಯದ ಕ್ರಮ.

ನಮ್ಮ ಕೆಥೊಲಿಕ್ ಬಂಧುಗಳ ಕಥೆಯೂ ಇಂಥದೇ. 1969ರ ಏಪ್ರಿಲಿನಲ್ಲಿ ರೋಮಿನಿಂದ ಭಾರತಕ್ಕೆ ಹನ್ನೆರಡು ಅಂಶಗಳ ಅನುಮತಿ ಬಂದಿತು: ಪಾದರಕ್ಷೆ ಕಳಚುವುದು, ಎಣ್ಣೆಯ ದೀಪ, ಆರತಿ, ನೆಲದ ಮೇಲೆ ಕೂರುವುದು ಇತ್ಯಾದಿ. ಸಮಾಧಾನ ಸೂಚಿಸಲು ಕೈಮುಗಿಯಬಹುದು, ಇಲ್ಲವೆ ಒಬ್ಬರ ಕೈಗಳನ್ನು ಇನ್ನೊಬ್ಬರ ಕೈಗಳ ನಡುವೆ ಇಡಬಹುದು ಎಂಬುದು ಅದರಲ್ಲಿ ಒಂದು. ಬೆಂಗಳೂರಿನ ಕೇಂದ್ರದಲ್ಲಿ ಕುಳಿತು ಫಾದರ್ ಅಮಲೋರ್ಪವದಾಸರು ಇದಕ್ಕಾಗಿ ದುಡಿದರು, ಬೈಗುಳವನ್ನೂ ತಿಂದರು.

ಇತಿಹಾಸ ಹೇಳಿದರೆ ಹಿರಿಯರು ಸುಮ್ಮನಾಗುವರೆಂದು ನಾವು ಭಾವಿಸಿದ್ದುದು ತಪ್ಪಾಯಿತು. ಮುಂದಿನ ಪ್ರಶ್ನೆ ಎಂಬತ್ತು ದಾಟಿದ ಉಡುಪಿಯ ಅಜ್ಜಿಯೊಬ್ಬರದು. “ಅಲ್ಲ ಮಗಾ, ಒಂದೂವರೆ ಗಂಟೆಯಲ್ಲಿ ಇದಕ್ಕೆ ಹೊತ್ತು ಎಲ್ಲಿಂದ ತರುತ್ತೀರಿ? ಯಾವ ಹಾಡು ಬಿಡುತ್ತೀರಿ?” ನಾವು ತಡವರಿಸಿದೆವು. ಬಿಡುವುದೆಂದು ಯೋಚಿಸಿದ್ದುದು ನಿಧಾನಗತಿಯ ಒಂದು ಹಳೆಯ ಕೀರ್ತನೆಯನ್ನೇ; ಅದು ಅಜ್ಜಿಗೆ ಬಾಯಿಪಾಠ. “ಅದು ನಮ್ಮದು, ಅದನ್ನು ಮುಟ್ಟಬೇಡಿ” ಎಂದರು.

ಆ ‘ನಮ್ಮದು’ ಎಂಬುದರ ರಾಗ ಜರ್ಮನಿಯದು! 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನರಿಗಳು ತಮ್ಮ ಊರಿನ ಕೀರ್ತನೆಗಳನ್ನು ರಾಗಸಮೇತ ಕನ್ನಡಕ್ಕೆ ತಂದರು. ಕನ್ನಡದ ನಡಿಗೆಗೆ ಆ ಅಂಗಿ ಬಿಗಿಯಾಗುವುದೆಂದು ಅವರಲ್ಲೇ ಬಲ್ಲವರಿದ್ದರು. ನಿಘಂಟಿನ ಕಿಟ್ಟೆಲರು 1862ರಲ್ಲಿಯೇ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಹೊಂದಿಸಿ ‘ಕಥಾಮಾಲೆ’ಯನ್ನು ಬರೆದರು. ಆದರೂ ಅಜ್ಜಿಯ ಬಾಯಲ್ಲಿ ಉಳಿದುದು ಜರ್ಮನ್ ರಾಗ. ಇದನ್ನು ಅವರಿಗೆ ಹೇಳಬೇಕೆಂದು ನಾಲಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಎಂಬತ್ತು ವರ್ಷ ಹಾಡಿದ ಮೇಲೆ ರಾಗ ಹಾಡಿದವರದೇ. ಹೊತ್ತು ಉಳಿಸಲು ವಾರದ ಪ್ರಕಟಣೆಗಳನ್ನು ಮೊಟಕುಗೊಳಿಸಿದೆವು. ಕಾರ್ಯದರ್ಶಿಗಳಿಗೆ ಮಾತ್ರ ಕೊಂಚ ಬೇಸರವಾಯಿತು.

ಹೆಂಗಸರು ಹೆಂಗಸರಿಗೆ, ಗಂಡಸರು ಗಂಡಸರಿಗೆ ಎಂದು ಗೊತ್ತುಮಾಡಿದೆವು. 2020ರ ಮಹಾಮಾರಿಯಲ್ಲಿ ಎಲ್ಲೆಡೆ ಕೈ ಮುಟ್ಟುವುದೇ ನಿಂತಿತ್ತಾದುದರಿಂದ, ಅಳುಕುವವರು ಕೈಮುಗಿದರೂ ಸಾಕೆಂದೆವು. ಮೊದಲ ಭಾನುವಾರ ಮಕ್ಕಳು ಕಿಸಕ್ಕೆಂದರು. ಯಾವ ಕೈ ಮೇಲೆ, ಯಾವ ಕೈ ಕೆಳಗೆ ಎಂಬ ಗೊಂದಲ. ಮೂರನೆಯ ವಾರಕ್ಕೆ ನಾಲ್ಕೇ ನಿಮಿಷದಲ್ಲಿ ಮುಗಿಯಿತು.

ತೊಡಕು ಬಂದುದು ಬೇರೆಡೆ. ನಮ್ಮ ಸಭೆಯಲ್ಲಿ ಅಣ್ಣತಮ್ಮಂದಿರಿಬ್ಬರು ಚಾಳಿನ ಒಂದು ಖೋಲಿಯ ಹಕ್ಕಿಗಾಗಿ ಮಾತು ಬಿಟ್ಟು ಒಂಬತ್ತು ವರ್ಷ. ಇಬ್ಬರೂ ತಪ್ಪದೆ ಬರುತ್ತಾರೆ, ಒಂದೇ ತಟ್ಟೆಗೆ ಕಾಣಿಕೆ ಹಾಕುತ್ತಾರೆ. ಕಾಣಿಕೆಗೆ ಮುಂಚೆ ಸಹೋದರನೊಡನೆ ರಾಜಿಯಾಗು ಎಂಬ ಬೋಧೆ ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿದೆ. ಸಮಾಧಾನ ಹಂಚುವುದನ್ನು ಕಾಣಿಕೆಗೆ ಮೊದಲು ಇಟ್ಟಿರುವುದು ಅದಕ್ಕಾಗಿಯೇ. ಇಷ್ಟು ದಿನ ಆ ಮಾತನ್ನು ಓದಿ ಕೇಳಿದರೆ ಸಾಕಿತ್ತು. ಈಗ ಕೈ ಚಾಚಬೇಕಾಯಿತು. ಎರಡನೆಯ ಭಾನುವಾರವೇ ಅಣ್ಣನವರು ತಮ್ಮನ ಹಿಂದಿನ ಬೆಂಚು ಬಿಟ್ಟು ಕಟ್ಟಕಡೆಯ ಬೆಂಚಿಗೆ ಸರಿದರು.

ಪದ್ಧತಿಯಿಂದ ಏನೂ ಆಗಲಿಲ್ಲವೆಂದು ವಿರೋಧಿಸಿದ್ದ ಹಿರಿಯರು ನಕ್ಕರು. ನಮಗೆ ಹಾಗೆ ತೋರುವುದಿಲ್ಲ. ಒಂಬತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಕುಳಿತಿದ್ದ ಜಗಳ ಈಗ ಎದ್ದು ಬೆಂಚು ಬದಲಿಸಬೇಕಾಗಿ ಬಂದಿದೆ. ಸಮಾಧಾನವು ಮುಂದಿನ ಸಾಲಿನಿಂದ ಹೊರಟು ಕೊನೆಯ ಬೆಂಚಿನವರೆಗೂ ಬಂದೇ ಬರುತ್ತದೆ. ಈಗ ಅಣ್ಣನವರಿಗೆ ಅದನ್ನು ಕೊಡುತ್ತಿರುವವನು ತಮ್ಮನ ಕಿರಿಯ ಮಗ, ಹತ್ತು ವರ್ಷದ ಹುಡುಗ. ಅವನು ದೊಡ್ಡಪ್ಪನ ಕೈ ಹಿಡಿದು, ಕೊಂಚ ಹೆಚ್ಚು ಹೊತ್ತೇ ಹಿಡಿದಿರುತ್ತಾನೆ. ಅವರು ಬಿಡಿಸಿಕೊಳ್ಳುವುದನ್ನು ನಾವಿನ್ನೂ ಕಂಡಿಲ್ಲ.