ಆಕಾಶದ ಏಡಿಗೆ ಗವಂತಿ ಹೊಲಿಗೆ

ನನ್ನ ಹಳೆಯ ಡೆನಿಮ್ ಜಾಕೆಟ್ಟಿನ ಎಡಗಡೆ, ಜೇಬಿಗಿಂತ ಸ್ವಲ್ಪ ಮೇಲೆ, ಹಸಿರು ದಾರದ ಒಂದು ಪ್ರಾಣಿ ಕೂತಿದೆ. ಎರಡು ಕೊಂಬು, ಎರಡು ಕಣ್ಣು, ಅಗಲಿಸಿದ ಕಾಲು. ನೋಡಿದವರಲ್ಲಿ ಎರಡು ಪಂಗಡ. ಮೊದಲನೆಯವರು ‘ಕಪ್ಪೆನಾ?’ ಎನ್ನುತ್ತಾರೆ, ಉತ್ತರಕ್ಕೂ ಕಾಯದೆ ಮೊಬೈಲು ನೋಡುತ್ತಾರೆ. ಎರಡನೆಯವರು ಏನೂ ಕೇಳುವುದಿಲ್ಲ. ಒಮ್ಮೆ ಮೆಟ್ರೋದಲ್ಲಿ ಎದುರು ಕೂತಿದ್ದ, ಗಡ್ಡ ನರೆತ ಒಬ್ಬರು ಆ ಪ್ರಾಣಿಯನ್ನೇ ದಿಟ್ಟಿಸಿದರು. ಆಮೇಲೆ ಹೆಬ್ಬೆರಳಿನಿಂದ ಗಾಳಿಯಲ್ಲಿ ಟಕಟಕನೆ ಗುಂಡಿ ಒತ್ತಿ ತೋರಿಸಿದರು. ನಾನು ಗುಂಡೇಟು ಬಿದ್ದವಳ ಹಾಗೆ ಕತ್ತು ವಾಲಿಸಿದೆ. ಮುಂದಿನ ನಿಲ್ದಾಣದಲ್ಲಿ ಅವರು ಇಳಿದು ಹೋದರು. ಅಷ್ಟೇ ಪರಿಚಯ.

ಆ ಪ್ರಾಣಿ ಏಡಿ. 1978ರಲ್ಲಿ ಜಪಾನಿನ ಟೈಟೊ ಕಂಪನಿ ಹೊರತಂದ ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿ ಆಕಾಶದಿಂದ ಸಾಲುಗಟ್ಟಿ ಇಳಿಯುವ ವೈರಿಗಳಲ್ಲಿ ಒಂದು. ಆಟ ಕಟ್ಟಿದ ತೊಮೊಹಿರೊ ನಿಶಿಕಾಡೊ ಆ ವೈರಿಗಳಿಗೆ ಕಡಲಿನ ಜೀವಿಗಳ ಆಕಾರ ಕೊಟ್ಟರು: ಸ್ಕ್ವಿಡ್, ಏಡಿ, ಆಕ್ಟೋಪಸ್. ಏಡಿಯ ಪಾಲಿಗೆ ಬಂದದ್ದು ಅಡ್ಡಕ್ಕೆ 11 ಚೌಕ, ಉದ್ದಕ್ಕೆ 8. ಒಟ್ಟು 88 ಚೌಕಗಳಲ್ಲಿ ಬೆಳಗುವುದು 46 ಮಾತ್ರ. ಮೊದಲಿಗೆ ಪರದೆಯಲ್ಲಿ ಬಣ್ಣವೂ ಇರಲಿಲ್ಲ. ಕಪ್ಪು ಬಿಳುಪು ಪರದೆಗೆ ಬಣ್ಣದ ಪಾರದರ್ಶಕ ಹಾಳೆಯ ಪಟ್ಟಿ ಅಂಟಿಸಿ ಹಸಿರು ತರಿಸುತ್ತಿದ್ದರು. ಅಲ್ಲೇ ಶುರುವಾಗಿತ್ತು ನೋಡಿ, ಕತ್ತರಿ ಅಂಟಿನ ಕೆಲಸ. ಈ 46ರ ಲೆಕ್ಕ ನಾನು ಓದಿ ತಿಳಿದದ್ದಲ್ಲ, ಸೂಜಿ ಹಿಡಿದು ಎಣಿಸಿದ್ದು. ಅದಕ್ಕೆ ಮುಂಚೆ ಎಷ್ಟೋ ವರ್ಷ ಆ ಏಡಿಯನ್ನು ಹೊಡೆದು ಉರುಳಿಸಿದ್ದೆ, ಅದಕ್ಕೆ ಕಾಲೆಷ್ಟು ಎಂದು ಒಮ್ಮೆಯೂ ನೋಡಿರಲಿಲ್ಲ.

ನನ್ನಂಥವರನ್ನು ಕರೆಯುವ ‘ಗೀಕ್’ ಎಂಬ ಪದಕ್ಕೆ ಕನ್ನಡದಲ್ಲಿ ಪರದಾಡಬೇಕಿಲ್ಲ. ಗೀಳು ಹಿಡಿದವರು ಎಂದರೆ ಸಾಕು, ಸದ್ದು ಕೂಡ ಹತ್ತಿರ ಬರುತ್ತದೆ. ಧಾರಾವಾಹಿಯದೋ ಕಾಮಿಕ್ಸಿನದೋ ಕೋಡಿನದೋ ಗೀಳು. ಈ ಗೀಳಿನವರು ಸೂಜಿ, ಉಲ್ಲನ್ ಕಡ್ಡಿ, ಕ್ರೋಶಾ ಹಿಡಿಯುವುದನ್ನು ಹೊಸ ಫ್ಯಾಷನ್ ಎಂಬಂತೆ ಬರೆಯುವವರಿದ್ದಾರೆ. ಹೊಸದೇನಲ್ಲ. 1939ರಲ್ಲಿ ನ್ಯೂಯಾರ್ಕಿನಲ್ಲಿ ವಿಜ್ಞಾನ ಕಥಾಪ್ರಿಯರ ಮೊದಲ ವಿಶ್ವ ಸಮ್ಮೇಳನ ನಡೆಯಿತು. ‘ಥಿಂಗ್ಸ್ ಟು ಕಮ್’ ಎಂಬ 1936ರ ಸಿನಿಮಾ ನೋಡಿ ಮೆಚ್ಚಿದ್ದ ಇಬ್ಬರು ಅಲ್ಲಿಗೆ ಮುಂದಿನ ಕಾಲದ ಉಡುಪು ತೊಟ್ಟು ಹೋದರು. ಒಬ್ಬರು ಫಾರೆಸ್ಟ್ ಅಕರ್‌ಮನ್, ಇನ್ನೊಬ್ಬರು ಮೊರೋಜೊ ಎಂಬ ಹೆಸರಿನಿಂದ ಬರೆಯುತ್ತಿದ್ದ ಮಿರ್ಟಲ್ ಡಗ್ಲಸ್. ಇಂದು ಕಾಸ್‌ಪ್ಲೇ ಎನ್ನುವ ವೇಷಗಾರಿಕೆಯ ಕಥೆ ಹೇಳುವವರು ಅಲ್ಲಿಂದಲೇ ಶುರು ಮಾಡುತ್ತಾರೆ. ಆ ಪದವೇ ಹುಟ್ಟಿದ್ದು 1980ರ ದಶಕದಲ್ಲಿ, ಜಪಾನಿನ ನೊಬುಯುಕಿ ತಕಹಾಶಿಯವರಿಂದ. ಬಹುಕಾಲ ಹೆಸರು ಉಳಿದದ್ದು ಅಕರ್‌ಮನ್ನರದು. ಇಬ್ಬರ ಉಡುಪನ್ನೂ ಯೋಚಿಸಿ ಹೊಲಿದವರು ಮೊರೋಜೊ. ತೊಟ್ಟವರ ಹೆಸರು ಊರಿಗೆಲ್ಲ ಗೊತ್ತು, ಹೊಲಿದವರ ಹೆಸರು ಕೇಳಬೇಡಿ. ಇದು ಎಲ್ಲ ದೇಶದ ಕಥೆಯೂ ಹೌದು.

ಹೆಸರು ಉಳಿದ ಒಬ್ಬ ಹೆಣಿಗೆಗಾರ್ತಿ ಇದ್ದಾರೆ: ಬೆಗೋನಿಯಾ ಪೋಪ್. ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಗೆ 1974ರಲ್ಲಿ ಟಾಮ್ ಬೇಕರ್ ಹೊಸ ನಾಯಕನಾಗಿ ಬಂದರು. ವಸ್ತ್ರ ವಿನ್ಯಾಸಕ ಜೇಮ್ಸ್ ಅಚೆಸನ್, ನಾಯಕನಿಗೊಂದು ಕತ್ತುವಸ್ತ್ರ ಇರಲಿ ಎಂದು ಬಗೆಬಗೆ ಬಣ್ಣದ ಉಲ್ಲನ್ ತಂದು ಪೋಪ್ ಅವರಿಗೆ ಕೊಟ್ಟರು. ಬೇಕಾದಷ್ಟು ಬಳಸಿಕೊಳ್ಳಲಿ ಎಂಬುದು ಅವರ ಎಣಿಕೆ. ಪೋಪ್ ಒಂದೆಳೆಯನ್ನೂ ಉಳಿಸದೆ ಎಲ್ಲವನ್ನೂ ಹೆಣೆದಿಟ್ಟರು. ನೆಲ ಗುಡಿಸುವಷ್ಟು ಉದ್ದದ ಪಟ್ಟೆಪಟ್ಟೆಯ ಆ ವಸ್ತ್ರ ಬೇಕರ್ ಕೊರಳಿಗೆ ಬಿದ್ದದ್ದೇ ತಡ, ಅದೇ ಪಾತ್ರವಾಯಿತು. ಅಚೆಸನ್ ಮುಂದೆ ವಸ್ತ್ರ ವಿನ್ಯಾಸಕ್ಕೆ ಮೂರು ಆಸ್ಕರ್ ಪಡೆದರು. ಆದರೆ ಬ್ರಿಟನ್ನಿನ ಅದೆಷ್ಟೋ ಮನೆಗಳಲ್ಲಿ ಹುಡುಗರು ಅಜ್ಜಿಯ ಹಿಂದೆ ಬಿದ್ದು ಕಾಡಿದ್ದು ಆ ಪಟ್ಟೆ ವಸ್ತ್ರಕ್ಕಾಗಿ. ಕಾಗದ ಬರೆದವರಿಗೆ ಬಿಬಿಸಿಯೇ ಹೆಣಿಗೆಯ ಲೆಕ್ಕ ಕಳಿಸುತ್ತಿತ್ತು: ಯಾವ ಬಣ್ಣ, ಎಷ್ಟು ಸಾಲು. ಇಂದಿಗೂ ಗೀಳಿನವರು ಯಾವ ವರ್ಷದ ಕಂತಿನಲ್ಲಿ ಯಾವ ಪಟ್ಟೆ ಎಷ್ಟು ಸಾಲು ಅಗಲವಿತ್ತು ಎಂದು ವಾದಿಸುತ್ತಾರೆ. ಪಂಚಾಂಗದವರೂ ಇಷ್ಟು ಜಗಳವಾಡಲಾರರು.

ಇದಕ್ಕಿಂತ ನನಗೆ ಹತ್ತಿರವಾದದ್ದು ಒಂದು ಟೋಪಿಯ ಕಥೆ. ‘ಫೈರ್‌ಫ್ಲೈ’ ಎಂಬ ಅಮೆರಿಕನ್ ಧಾರಾವಾಹಿ 2002ರಲ್ಲಿ ಬಂತು. 14 ಕಂತು ಚಿತ್ರೀಕರಿಸಿದ್ದರು, 11 ಪ್ರಸಾರ ಮಾಡಿ ಫಾಕ್ಸ್ ವಾಹಿನಿ ನಿಲ್ಲಿಸಿಬಿಟ್ಟಿತು. ಅದರಲ್ಲಿ ಜೇನ್ ಎಂಬ ಒರಟನಿದ್ದಾನೆ, ಬಂದೂಕಿಗೂ ಹೆಸರಿಟ್ಟು ಮುದ್ದು ಮಾಡುವ ಜಾತಿ. ಆಗ ಪ್ರಸಾರವಾಗದೆ ಉಳಿದ ಒಂದು ಕಂತಿನಲ್ಲಿ ಅವನಿಗೆ ಊರಿನಿಂದ ತಾಯಿಯ ಪಾರ್ಸೆಲ್ ಬರುತ್ತದೆ. ಒಳಗೆ ಕೈಯಲ್ಲಿ ಹೆಣೆದ ಟೋಪಿ: ಕಿತ್ತಳೆ, ಹಳದಿ, ಕಿವಿ ಮುಚ್ಚುವ ಎರಡು ಪಟ್ಟಿ, ನೆತ್ತಿಯ ಮೇಲೊಂದು ಉಲ್ಲನ್ ಗೊಂಡೆ. ನೋಡಿದರೆ ನಗು ಬರಬೇಕು. ಅವನು ಮಾತ್ರ ಹೆಮ್ಮೆಯಿಂದ ಹಾಕಿಕೊಂಡು ತಿರುಗುತ್ತಾನೆ.

ಅಭಿಮಾನಿಗಳು ಆ ಟೋಪಿಯನ್ನು ಹೆಣೆದರು, ಹೆಣೆದು ಹಂಚಿದರು, ಕೈಕೆಲಸ ಮಾರುವ ಎಟ್ಸಿ ತಾಣದಲ್ಲಿ ಮಾರಿದರು. ಧಾರಾವಾಹಿ ಸತ್ತು ಹತ್ತು ವರ್ಷವಾದ ಮೇಲೂ ಅದನ್ನು ಉಸಿರಾಡಿಸಿದ್ದರಲ್ಲಿ ಈ ಟೋಪಿಯ ಪಾಲು ದೊಡ್ಡದು. ಆಗ ಫಾಕ್ಸ್‌ಗೆ ನೆನಪಾಯಿತು, ಹಕ್ಕು ತನ್ನದೆಂದು. ಕಾರ್ಖಾನೆಯಲ್ಲಿ ತಯಾರಾಗುವ ಟೋಪಿಗೆ ಒಂದು ಕಂಪನಿಗೆ ಪರವಾನಗಿ ಕೊಟ್ಟಿತು. 2013ರಲ್ಲಿ ಕೈಯಿಂದ ಹೆಣೆದು ಮಾರುತ್ತಿದ್ದವರಿಗೆ ನಿಲ್ಲಿಸಿ ಎಂಬ ನೋಟಿಸು ಹೋಯಿತು. ಗದ್ದಲ ಎದ್ದಾಗ, ಕಾರ್ಖಾನೆಯ ಟೋಪಿ ಮಾರುತ್ತಿದ್ದ ಥಿಂಕ್‌ಗೀಕ್ ಅಂಗಡಿ ಅದರ ಲಾಭವನ್ನು ಅಭಿಮಾನಿಗಳ ದತ್ತಿಗೆ ಕೊಡುವುದಾಗಿ ಹೇಳಬೇಕಾಯಿತು. ಕಾನೂನಿನ ಪ್ರಕಾರ ಫಾಕ್ಸ್ ಸರಿಯಿದ್ದೀತು, ಅದನ್ನು ವಕೀಲರು ನೋಡಿಕೊಳ್ಳಲಿ. ನನಗೆ ತಮಾಷೆ ಅನಿಸಿದ್ದು ಬೇರೆ. ಅವ್ವ ಹೆಣೆದದ್ದು ಎಂಬುದೇ ಆ ಟೋಪಿಯ ಕಥೆ. ಕಥೆಯೊಳಗಿನ ಟೋಪಿಗೆ ನಿಷ್ಠರಾಗಿದ್ದವರು ನೋಟಿಸು ಪಡೆದವರು. ಯಂತ್ರದಲ್ಲಿ ನೂರಕ್ಕೆ ನೂರು ಅದೇ ಅಳತೆಯಲ್ಲಿ ಬಂದದ್ದು ನಕಲು.

ಬೆಂಗಳೂರಿನಲ್ಲೂ 2012ರಿಂದ ಕಾಮಿಕ್ ಕಾನ್ ಎಂಬ ಗೀಳಿನವರ ಮೇಳ ನಡೆಯುತ್ತಿದೆ. ಅಲ್ಲಿಗೆ ವೇಷ ಕಟ್ಟಿ ಬರುವವರಿಗೆ ಈ ಊರು ಒಂದು ಅನುಕೂಲ ಮಾಡಿಕೊಟ್ಟಿದೆ, ಬೇಕೆಂದು ಮಾಡಿದ್ದಲ್ಲ. ಬಟ್ಟೆ, ಜರಿ, ಲೇಸಿಗೆ ಚಿಕ್ಕಪೇಟೆ. ಎಲ್‌ಇಡಿ, ಬ್ಯಾಟರಿ, ವೈರಿಗೆ ಎಸ್.ಪಿ. ರೋಡ್. ನಡೆದೇ ಹೋಗುವಷ್ಟು ಹತ್ತಿರ. ಒಂದು ಚೀಲದಲ್ಲಿ ಸ್ಯಾಟಿನ್ನು, ಇನ್ನೊಂದರಲ್ಲಿ ಸರ್ಕ್ಯೂಟು ಹಿಡಿದು ಆ ಗಲ್ಲಿಗಳಲ್ಲಿ ಬೆವರುವ ಹುಡುಗ ಹುಡುಗಿಯರನ್ನು ಕಂಡರೆ ನನಗೆ ಅವರ ವೇಷಕ್ಕಿಂತ ಆ ಚೀಲಗಳನ್ನು ಬಿಚ್ಚಿ ನೋಡುವ ಆಸೆ.

ಏಡಿಗೆ ಮರಳುತ್ತೇನೆ. ಜಾಕೆಟ್ಟಿನ ಮೇಲೆ ಹೊಲಿಯಲು ಅದನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಪ್ರೀತಿ ಮಾತ್ರವಲ್ಲ, ಚೌಕ. ನಾನು ಧಾರವಾಡದವಳು. ಅಲ್ಲಿಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ನೇಯ್ಗೆಯ ಎಳೆ ಎಣಿಸಿ, ಇಷ್ಟು ಎಳೆ ಬಿಟ್ಟು ಸೂಜಿ ಚುಚ್ಚು, ಇಷ್ಟು ಎಳೆಗೆ ಎತ್ತು. ಎಣಿಕೆಯೇ ಚಿತ್ರ. ಅದಕ್ಕೇ ಕಸೂತಿಯ ನವಿಲಿಗೆ ಬಳುಕು ಕಡಿಮೆ, ಆನೆಗೆ ಮೂಲೆಗಳಿವೆ, ತೇರು ಗೋಪುರಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಇದೇ ಇಕ್ಕಟ್ಟು ಹಳೆಯ ವಿಡಿಯೊ ಆಟದವರಿಗೂ ಇತ್ತು. ಮಾರಿಯೋಗೆ ದಪ್ಪ ಮೀಸೆ ಬಂದದ್ದು, ಅಷ್ಟು ಕಡಿಮೆ ಚೌಕಗಳಲ್ಲಿ ಮೂಗು ಬಾಯಿ ಬೇರೆಯಾಗಿ ಕಾಣಿಸಲಾರದೆ. ಟೋಪಿ ಬಂದದ್ದು ಕೂದಲು ಬರೆಯುವ ಕಷ್ಟ ತಪ್ಪಿಸಲು. ಅದನ್ನು ರೂಪಿಸಿದ ಶಿಗೆರು ಮಿಯಾಮೊಟೊ ಇದನ್ನು ಮುಚ್ಚಿಟ್ಟಿಲ್ಲ.

ಆಪಲ್ ಕಂಪನಿ 1984ರಲ್ಲಿ ತಂದ ಮ್ಯಾಕಿಂಟಾಷ್ ಕಂಪ್ಯೂಟರಿನ ಪುಟ್ಟ ಚಿತ್ರಗಳನ್ನು, ಆ ನಗುಮುಖದ ಕಂಪ್ಯೂಟರನ್ನು, ಬತ್ತಿ ಹೊತ್ತಿದ ಬಾಂಬನ್ನು ಬರೆದವರು ಸೂಸನ್ ಕೇರ್. ಕಂಪ್ಯೂಟರ್ ಕಲಿತವರಲ್ಲ, ಕಲೆ ಓದಿದವರು. ಗ್ರಾಫ್ ಪುಸ್ತಕ ಕೊಂಡು ತಂದು 32 ಅಡ್ಡ, 32 ಉದ್ದದ ಚೌಕಗಳನ್ನು ಪೆನ್ನಿನಿಂದ ತುಂಬುತ್ತಾ ಹೋದರು. ಚಿಕ್ಕಂದಿನಲ್ಲಿ ಅವರ ತಾಯಿ ಅವರಿಗೆ ಎಳೆ ಎಣಿಸಿ ಹೊಲಿಯುವ ಕಸೂತಿ ಕಲಿಸಿದ್ದರು. ಇದನ್ನು ಓದಿದ ದಿನ ನಾನು ಒಬ್ಬಳೇ ಕೂತು ನಕ್ಕಿದ್ದೇನೆ.

ಇನ್ನೂ ಹಿಂದೆ ಹೋದರೆ ಚಂದ್ರನವರೆಗೂ ಹೋಗಬಹುದು. ಅಪೊಲೊ ನೌಕೆಯ ಕಂಪ್ಯೂಟರಿನ ಶಾಶ್ವತ ಸ್ಮರಣೆಯನ್ನು ಮ್ಯಾಸಚೂಸೆಟ್ಸ್‌ನ ರೇಥಿಯಾನ್ ಕಾರ್ಖಾನೆಯಲ್ಲಿ ಹೆಂಗಸರು ಕೈಯಿಂದ ಹೆಣೆದರು. ತಂತಿ ಕಾಂತದ ಉಂಗುರದೊಳಗೆ ಹಾದರೆ ಒಂದು, ಹೊರಗಿನಿಂದ ಹಾದರೆ ಸೊನ್ನೆ. ಒಂದು ತಂತಿ ತಪ್ಪಿದರೂ ಬಿಚ್ಚಿ ಹೆಣೆಯಬೇಕು. ಸ್ವೆಟರ್ ಹೆಣೆದವರಿಗೆ ಈ ಸಂಕಟ ವಿವರಿಸಬೇಕಿಲ್ಲ.

ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರಗಿ, ನೇಗಿ, ಮೆಂತಿ. ನಾನು ಏಡಿಗೆ ಹಾಕಿದ್ದು ಗವಂತಿ. ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ತಿರುಗಿ ಅದೇ ದಾರಿಯಲ್ಲಿ ಬರುವಾಗ ಖಾಲಿ ಬಿಟ್ಟದ್ದು ತುಂಬುತ್ತದೆ. ಗಂಟು ಹಾಕುವ ಹಾಗಿಲ್ಲ. ಮುಗಿಸಿದಾಗ ಬಟ್ಟೆಯ ಮುಂದೂ ಹಿಂದೂ ಒಂದೇ ಚಿತ್ರ. ಗೆರೆಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಸಾಕು, ಎಷ್ಟೇ ಕವಲಿದ್ದರೂ ಹೊರಟಲ್ಲಿಗೇ ಬಂದು ಮುಟ್ಟಬಹುದು. ಇದರ ಹಿಂದಿನ ಗಣಿತ ಆಯ್ಲರ್‌ನದು. ಕ್ಯೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ಒಂದೊಂದು ಸಲವೇ ದಾಟಿ ಬರಲಾಗದು ಎಂದು ಅವನು 1736ರಲ್ಲಿ ತೋರಿಸಿಕೊಟ್ಟ. ಆದರೆ ಪ್ರತಿ ಸೇತುವೆಯನ್ನೂ ಎರಡು ಸಲ ದಾಟಬಹುದು ಎಂದುಬಿಟ್ಟರೆ ಆ ತೊಡಕೇ ಇರುವುದಿಲ್ಲ. ಧಾರವಾಡದ ಹೆಂಗಸರು ಆಯ್ಲರ್‌ನನ್ನು ಓದದೆ ಎರಡು ಸಲ ದಾಟಿದರು.

ಡೆನಿಮ್ಮಿನ ಎಳೆ ಎಣಿಸಲು ಆಗುವುದಿಲ್ಲ, ಬಲು ಒತ್ತು. ಅದರ ಮೇಲೆ ಜಾಳು ಬಟ್ಟೆಯ ತುಂಡು ಟಾಕಿ, ಅದರ ಎಳೆ ಎಣಿಸಿ ಹೊಲಿದು, ಕೊನೆಗೆ ಆ ಎಳೆಗಳನ್ನೆಲ್ಲ ಒಂದೊಂದಾಗಿ ಎಳೆದು ತೆಗೆಯಬೇಕು. ಮೂರು ಭಾನುವಾರ ಹಿಡಿಯಿತು. ಹೊರ ಅಂಚು ಸಲೀಸಾಗಿ ಮುಗಿಯಿತು. ಎಡವಿದ್ದು ಕಣ್ಣಿನಲ್ಲಿ. ಆ ಏಡಿಯ ಎರಡು ಕಣ್ಣೂ ಸುತ್ತ ತುಂಬಿದ ಚೌಕಗಳ ನಡುವೆ ಒಂದೊಂದು ಖಾಲಿ ಚೌಕ, ದ್ವೀಪದ ಹಾಗೆ. ಅಂಚಿನ ಗೆರೆ ಅದನ್ನು ಎಲ್ಲೂ ಮುಟ್ಟುವುದಿಲ್ಲ. ಗವಂತಿಗೆ ದಾರಿ ಇಲ್ಲ. ನಾನು ಹಿಂದಿನಿಂದ ದಾರ ಹಾರಿಸಿ ಕಣ್ಣು ಹೊಲಿದೆ. ಮುಂದೆ ನೋಡಿದರೆ ಯಾರಿಗೂ ಗೊತ್ತಾಗದು.

ದೀಪಾವಳಿಗೆ ಊರಿಗೆ ಹೋದಾಗ ಜಾಕೆಟ್ಟು ದೊಡ್ಡವ್ವನ ಕೈಗೆ ಸಿಕ್ಕಿತು. ಅವಳು ಚಂದ್ರಕಾಳಿ ಸೀರೆಯ ತುಂಬ ತೇರು ಎಳೆದವಳು. ಆ ಸೀರೆಯ ಮೇಲೆ ಏಡಿ ಕೂರಿಸುವ ಧೈರ್ಯ ನನಗಂತೂ ಇಲ್ಲ. ಕಪ್ಪು ರೇಷ್ಮೆಗೆ ಅದರದೇ ಗತ್ತು. ತೊಟ್ಟಿಲು, ತುಳಸಿಕಟ್ಟೆ, ಪಲ್ಲಕ್ಕಿ, ತಮ್ಮ ಕಣ್ಣೆದುರು ಇದ್ದದ್ದನ್ನೆಲ್ಲ ಅವಳ ಕಾಲದವರು ಹೊಲಿದುಕೊಂಡರು. ನನ್ನ ಕಣ್ಣೆದುರು ಇದ್ದದ್ದು ಪರದೆ.

“ಇದೇನವಾ, ಏಡಿ ಏನು?” ಎಂದಳು. ಕಪ್ಪೆ ಎನ್ನಲಿಲ್ಲ.

“ಹೂಂ ದೊಡ್ಡವ್ವ. ಆಕಾಶದಾಗಿಂದ ಇಳದ ಬರ್ತೈತಿ.”

“ಬರ್ಲಿ ಬಿಡು. ಹಿಂದ ತೋರ್ಸು.”

ಜಾಕೆಟ್ಟು ತಿರುವಿದಳು. ಕನ್ನಡಕ ಮೂಗಿಗೆ ಇಳಿಸಿ ಹೆಬ್ಬೆರಳು ಆಡಿಸಿದಳು. ಕಣ್ಣಿನ ಹತ್ತಿರ ಬೆರಳು ನಿಂತಿತು.

“ಇಲ್ಲಿ ದಾರ ಹಾರೇತಿ.”

ಅಲ್ಲಿಗೆ ಹೋಗಾಕ ದಾರಿನ ಇಲ್ಲ ಎಂದು ದ್ವೀಪದ ಕಥೆ ಹೇಳಿದೆ, ಮೊಬೈಲಿನಲ್ಲಿ ಆಟದ ಚಿತ್ರವನ್ನೂ ತೋರಿಸಿದೆ. ಅವಳು ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು, ತುಟಿಯಲ್ಲೇ ಚೌಕ ಎಣಿಸಿದಳು. ಆಮೇಲೆ ಉಗುರಿನಿಂದ ಕಣ್ಣಿನ ಮೇಲಿನ ಮೂಲೆಯಿಂದ ತಲೆಯ ಅಂಚಿಗೆ ಒಂದು ಗೆರೆ ಎಳೆದಳು. ಒಂದೇ ಹೊಲಿಗೆಯಷ್ಟು ದೂರ. ನಾನು ಮೂರು ಭಾನುವಾರ ದಿಟ್ಟಿಸಿ ಕಾಣದಿದ್ದದ್ದು.

“ಇಲ್ಲೊಂದು ಹುಬ್ಬು ಹಾಕು. ಹುಬ್ಬಿನ ಮ್ಯಾಲೆ ಹೋಗು, ಕಣ್ಣ ಸುತ್ತು, ಹೋದ ದಾರಿಲೇ ಹೊಳ್ಳಿ ಬಾ.”

“ಆಟದಾಗ ಅದಕ್ಕ ಹುಬ್ಬಿಲ್ಲ, ದೊಡ್ಡವ್ವ.”

“ಆಟದಾಗ ಹಿಂದಿನ ಬಾಜೂ ಇತ್ತೇನು?”

ಕಣ್ಣಿನ ದಾರ ಬಿಚ್ಚಲು ಅವಳೇ ಸೂಜಿ ಕೊಟ್ಟಳು.