ಜೇನುಪೆಟ್ಟಿಗೆಯ ಬಾಗಿಲಲ್ಲಿ ಐದು ನಿಮಿಷ

ಅಡಿಕೆ ತೋಟದ ಅಂಚಿನಲ್ಲಿ ಎಂಟು-ಹತ್ತು ಜೇನುಪೆಟ್ಟಿಗೆ ಇಟ್ಟುಕೊಂಡ ರೈತರು ದಕ್ಷಿಣ ಕನ್ನಡ, ಕೊಡಗು, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಅನೇಕರಿದ್ದಾರೆ. ಬೇಸಿಗೆಯಲ್ಲಿ ಜೇನು ತೆಗೆಯುವ ದಿನ ಮನೆಮಂದಿಗೆಲ್ಲ ಸಂಭ್ರಮ. ಆದರೆ ಈ ಉಪಕಸುಬಿನ ಲಾಭ-ನಷ್ಟ ತೀರ್ಮಾನವಾಗುವುದು ಆ ದಿನವಲ್ಲ, ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹತ್ತು ಕುಟುಂಬಗಳಲ್ಲಿ ಆರು ಖಾಲಿಯಾದರೆ, ಮುಂದಿನ ವರ್ಷವೆಲ್ಲ ಹೊಸ ಕುಟುಂಬ ಹುಡುಕುವುದರಲ್ಲೇ ಕಳೆದುಹೋಗುತ್ತದೆ.

ಬಾಗಿಲು ಹೇಳುವ ಸುದ್ದಿ

ಅನುಭವಿ ಸಾಕಣೆಗಾರ ಪೆಟ್ಟಿಗೆಯನ್ನು ದಿನವೂ ಬಿಚ್ಚುವುದಿಲ್ಲ. ಪದೇ ಪದೇ ಬಿಚ್ಚಿದರೆ ತುಡುವೆ ಜೇನು ಬೇಸತ್ತು ಗೂಡು ಬಿಡುವುದುಂಟು. ಬೆಳಿಗ್ಗೆ ಹಟ್ಟಿಯ ಕೆಲಸ ಮುಗಿಸಿ, ಪ್ರತಿ ಪೆಟ್ಟಿಗೆಯ ಬಾಗಿಲ ಪಕ್ಕದಲ್ಲಿ ಐದು ನಿಮಿಷ ನಿಂತು ನೋಡುತ್ತಾನೆ. ಹುಳುಗಳ ಹಾರಾಟಕ್ಕೆ ಅಡ್ಡವಾಗಿ ಎದುರಿಗೆ ನಿಲ್ಲುವುದಿಲ್ಲ.

ಹುಳುಗಳು ಕಾಲಿನಲ್ಲಿ ಪರಾಗದ ಉಂಡೆ ಹೊತ್ತು ಚುರುಕಾಗಿ ಒಳಹೋಗುತ್ತಿದ್ದರೆ ಸಾಮಾನ್ಯವಾಗಿ ರಾಣಿ ಚೆನ್ನಾಗಿ ಮೊಟ್ಟೆ ಇಡುತ್ತಿದೆ, ಒಳಗೆ ಮರಿಗಳಿವೆ ಎಂದು ತಿಳಿಯಬಹುದು. ಪರಾಗ ಬರುವುದು ನಿಂತು, ಹುಳುಗಳು ಬಾಗಿಲಲ್ಲಿ ಸುಮ್ಮನೆ ಅಲೆದಾಡುತ್ತಿದ್ದರೆ ರಾಣಿ ಇದೆಯೇ ಎಂದು ನೋಡಬೇಕು. ಅಡಿಹಲಗೆಯ ಮೇಲೆ ಮೇಣದ ಪುಡಿ, ಜೇಡನ ಬಲೆಯಂಥ ನೂಲು ಕಂಡರೆ ಮೇಣದ ಪತಂಗ ಒಳಹೊಕ್ಕಿದೆ.

ನಡುವೆ ಸೂಜಿಮೊನೆಯಷ್ಟು ತೂತಿರುವ ಚಿಕ್ಕ ಮುಚ್ಚಳಗಳು ಅಡಿಹಲಗೆಯಲ್ಲಿ ಬಿದ್ದಿದ್ದರೆ ಅವು ಗಂಡುನೊಣದ ಕಣಗಳ ಮುಚ್ಚಳಗಳು. ಗಂಡುನೊಣಗಳು ಹೆಚ್ಚಾದರೆ ಕುಟುಂಬ ಪಾಲಾಗುವ ಕಾಲ ಹತ್ತಿರ ಬಂದಿದೆ ಎಂದರ್ಥ. ಆಗ ಪೆಟ್ಟಿಗೆ ಬಿಚ್ಚಿ, ಎರಿಯ ಕೆಳ ಅಂಚಿನಲ್ಲಿ ಕೆಳಮುಖವಾಗಿ ತೂಗುವ ರಾಣಿಕಣಗಳಿವೆಯೇ ಎಂದು ನೋಡಿ, ಕುಟುಂಬವನ್ನು ತಾನೇ ಪಾಲು ಮಾಡಿದರೆ ಹುಳುಗಳು ಕಾಡು ಸೇರುವುದು ತಪ್ಪುತ್ತದೆ. ಮಳೆ ಕಳೆದು ಹೂವು ಬರತೊಡಗಿದ ತಿಂಗಳುಗಳು ಈ ಕೆಲಸಕ್ಕೆ ಅನುಕೂಲ.

ಎಷ್ಟು ತೆಗೆಯಬೇಕು?

ರಬ್ಬರ್ ತೋಟವಿರುವ ಕಡೆ ಎಲೆ ಉದುರಿ ಹೊಸ ಚಿಗುರು ಬಂದಾಗ ಜೇನಿನ ಸುಗ್ಗಿ. ಈ ಜೇನು ಹೂವಿನದಲ್ಲ; ಮೂರು ಎಲೆಗಳು ಕೂಡುವಲ್ಲಿ ತೊಟ್ಟಿನ ತುದಿಯಿಂದ ಒಸರುವ ಸಿಹಿರಸದ್ದು. ಮಲೆನಾಡಿನಲ್ಲಿ ನೇರಳೆ, ಮತ್ತಿ ಮುಂತಾದ ಕಾಡುಮರಗಳ ಹೂವು ಆಸರೆ. ಒಳ್ಳೆಯ ವರ್ಷದಲ್ಲಿ ತುಡುವೆಯ ಒಂದು ಪೆಟ್ಟಿಗೆಯಿಂದ 5ರಿಂದ 10 ಕೆ.ಜಿ. ಜೇನು ಸಿಗಬಹುದು.

ಎರಿಯ ಕಣಗಳಲ್ಲಿ ಮುಕ್ಕಾಲು ಪಾಲಾದರೂ ಮೇಣದಿಂದ ಮುಚ್ಚಿದ ಮೇಲೆ ಜೇನು ತೆಗೆಯಬೇಕು. ಮುಚ್ಚದ ಕಣದ ಜೇನಿನಲ್ಲಿ ನೀರಿನಂಶ ಹೆಚ್ಚಿದ್ದು ಬೇಗ ಹುಳಿಯುತ್ತದೆ. ಮೇಲಿನ ಜೇನುಕೋಣೆಯಿಂದ ಮಾತ್ರ ತೆಗೆದು, ಕೆಳಗಿನ ಮರಿಕೋಣೆಯ ಜೇನನ್ನು ಹುಳುಗಳಿಗೇ ಬಿಡಬೇಕು. ಕೊನೆಯ ಹನಿಯವರೆಗೂ ಹಿಂಡಿದ ಮನೆಯಲ್ಲಿ ಜುಲೈಯ ಹೊತ್ತಿಗೆ ಪೆಟ್ಟಿಗೆ ಖಾಲಿಯಾಗುವ ಭಯ ಹೆಚ್ಚು.

ಮಳೆ ದಾಟಿಸುವ ಕ್ರಮ

ಸತತ ಮಳೆ ಹಿಡಿದಾಗ ಹುಳು ಹೊರಗೆ ಹೋಗಲಾರದು. ಹೋದರೂ ಸಿಹಿರಸ ಸಿಗುವುದು ಕಡಿಮೆ. ಬಿಡುವು ಸಿಕ್ಕಾಗ ನಾಚಿಕೆಮುಳ್ಳಿನ ಹೂವಿನಿಂದ ಪರಾಗ ತಂದಾವು, ಆದರೆ ಹೊಟ್ಟೆ ತುಂಬಲು ಅದು ಸಾಲದು. ಆದ್ದರಿಂದ ಸಕ್ಕರೆ ಪಾಕ ಅಗತ್ಯ. ಕುದಿಸಿದ ನೀರಿಗೆ ಅಷ್ಟೇ ತೂಕದ ಸಕ್ಕರೆ ಕರಗಿಸಿ, ಆರಿಸಿ, ವಾರಕ್ಕೆ ಒಂದು ಪೆಟ್ಟಿಗೆಗೆ ಸುಮಾರು 200 ಗ್ರಾಂ ಸಕ್ಕರೆಯ ಪಾಕ ಕೊಡಬಹುದು. ಸಂಜೆಯೇ ಕೊಡಬೇಕು, ಎಲ್ಲ ಪೆಟ್ಟಿಗೆಗೂ ಒಂದೇ ಹೊತ್ತಿಗೆ ಕೊಡಬೇಕು. ಇಲ್ಲವಾದರೆ ಬಲವಾದ ಕುಟುಂಬ ದುರ್ಬಲ ಕುಟುಂಬವನ್ನು ಲೂಟಿ ಮಾಡುತ್ತದೆ. ಪಾಕದಲ್ಲಿ ಹುಳು ಮುಳುಗದಂತೆ ಬಟ್ಟಲಿನಲ್ಲಿ ನಾಲ್ಕಾರು ಕಡ್ಡಿ ಹಾಕಿಡಿ.

ಹುಳು ಕಡಿಮೆಯಾದ ಪೆಟ್ಟಿಗೆಯಿಂದ ಖಾಲಿ ಎರಿಗಳನ್ನು ತೆಗೆದುಬಿಡಿ. ಹುಳು ಮುಚ್ಚಿ ಕೂರಲಾರದ ಎರಿಯೇ ಮೇಣದ ಪತಂಗದ ಮನೆ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲಿಟ್ಟರೆ ಇರುವೆ ಹತ್ತದು.

ರೋಗ ಮತ್ತು ಔಷಧ

1991-92ರಲ್ಲಿ ದಕ್ಷಿಣ ಭಾರತಕ್ಕೆ ಹಬ್ಬಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗ ತುಡುವೆ ಕುಟುಂಬಗಳಲ್ಲಿ ಹೆಚ್ಚಿನ ಪಾಲನ್ನು ನಾಶ ಮಾಡಿತು. ಮರಿಹುಳು ನೀರು ತುಂಬಿದ ಚೀಲದಂತಾಗಿ ಕಣದಲ್ಲೇ ಸಾಯುವುದು ಇದರ ಗುರುತು. ಇದಕ್ಕೆ ಖಚಿತ ಮದ್ದಿಲ್ಲ. ರೋಗದ ಪೆಟ್ಟಿಗೆಯ ಎರಿಯನ್ನು ಇನ್ನೊಂದಕ್ಕೆ ಹಾಕಬೇಡಿ. ರೋಗವಿರುವ ಊರಿನಿಂದ ಕುಟುಂಬ ತರಬೇಡಿ. ರೋಗ ಬಂದರೂ ತಡೆದುಕೊಂಡ ಕುಟುಂಬದಿಂದಲೇ ಪಾಲು ಮಾಡಿ ಹೆಚ್ಚಿಸಿ.

ಇನ್ನೊಂದು ಅಪಾಯ ನೆರೆಯ ತೋಟದಿಂದ ಬರುತ್ತದೆ. ಗೇರು ಹೂ ಬಿಟ್ಟಾಗ ಟೀ ಸೊಳ್ಳೆಗೆಂದು ಹಗಲಲ್ಲಿ ಕೀಟನಾಶಕ ಹೊಡೆದರೆ, ಆ ಹೂವಿಗೆ ಹೋದ ಹುಳು ಗೂಡಿಗೆ ಮರಳದು. "ಅಣ್ಣಾ, ನಾಳೆ ಗೇರಿಗೆ ಮದ್ದು ಹೊಡೆಯುವವನಿದ್ದೇನೆ" ಎಂದು ನೆರೆಯವರು ಒಂದು ಮಾತು ತಿಳಿಸಿದರೆ, ಹಿಂದಿನ ರಾತ್ರಿಯೇ ಪೆಟ್ಟಿಗೆಗಳನ್ನು ದೂರ ಸಾಗಿಸಬಹುದು. ಹುಳು ಗೂಡು ಸೇರಿದ ಮೇಲೆ, ಸಂಜೆ ಹೊಡೆದರೆ ಹಾನಿ ಕಡಿಮೆ. ಗೇರಿನ ಕಾಯಿ ಕಟ್ಟಲು ಹುಳುಗಳ ಓಡಾಟ ನೆರವಾಗುವುದರಿಂದ ಇದು ನೆರೆಯವರಿಗೂ ಲಾಭದ ಮಾತೇ.

ಹೊಸದಾಗಿ ತೊಡಗುವವರು ಎರಡೇ ಪೆಟ್ಟಿಗೆಯಿಂದ ಆರಂಭಿಸುವುದು ಮೇಲು. ಒಂದು ಮಳೆಗಾಲ ಅವೆರಡನ್ನೂ ಉಳಿಸಿಕೊಂಡ ಮೇಲೆ ಮೂರನೆಯದನ್ನು ಕೊಳ್ಳುವ ಅಗತ್ಯ ಬಾರದು. ಪಾಲು ಮಾಡಿದರೆ ಅದು ಮನೆಯಲ್ಲೇ ಆಗುತ್ತದೆ.