ಮಗುವಿಗೆ ಮೊಳಕೆ ರಾಗಿ ಹಿಟ್ಟು

ಆರು ತಿಂಗಳು ತುಂಬಿದ ಮಗುವಿಗೆ ಎದೆಹಾಲಿನ ಜೊತೆಗೆ ತಮ್ಮ ಕಣಜದ ರಾಗಿಯೇ ಉತ್ತಮ ಆಹಾರ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಆದರೆ ಬರೀ ಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುತ್ತದೆ. ನೀರು ಹೆಚ್ಚಿಸಿದರೆ ಹೊಟ್ಟೆ ತುಂಬಿದರೂ ಪೋಷಣೆ ಸಾಲದು. ಮೊಳೆಯುವಾಗ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ, ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳುವಾಗಿರುತ್ತದೆ.

ರಾಗಿಯನ್ನು ತೊಳೆದು 12 ಗಂಟೆ ನೆನೆಸಿ, ಬಸಿದು, ಒದ್ದೆ ಬಟ್ಟೆಯಲ್ಲಿ ಒಂದೂವರೆ ದಿನ ಕಟ್ಟಿಡಿ. ಮೊಳೆತ ಕಾಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಉಜ್ಜಿ, ಮೊರದಲ್ಲಿ ಕೇರಿ. ಸಣ್ಣ ಉರಿಯಲ್ಲಿ ಘಮ್ಮೆನ್ನುವಷ್ಟೇ ಹುರಿದು, ಬೀಸಿ, ವಸ್ತ್ರಗಾಳಿತ ಮಾಡಿ. ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ, ತಿರುವುತ್ತಾ ನಿಧಾನವಾಗಿ ಕುದಿಸಿ.

ಬೂಷ್ಟು ಹಿಡಿದ ಕಾಳನ್ನಾಗಲಿ, ಬಿತ್ತನೆಗೆಂದು ಔಷಧಿ ಲೇಪಿಸಿದ ಬೀಜವನ್ನಾಗಲಿ ಎಂದಿಗೂ ಬಳಸಬೇಡಿ.